ರತ್ನಕ್ಕ ಅರ್ಧ ನೋಡಿದ ಸಿನಿಮಾ

ರತ್ನಕ್ಕ ಬಾಗಿಲಿಗೆ ಬೆನ್ನು ಹಾಕಿ ನಿಂತದ್ದನ್ನಾಗಲಿ ಕೂತದ್ದನ್ನಾಗಲಿ ನಾನು ಒಮ್ಮೆಯೂ ನೋಡಲಿಲ್ಲ. ಸಿರುಗುಪ್ಪದ ನಮ್ಮ ಹುಡುಗಿಯರ ಹಾಸ್ಟೆಲಿನ ಅಡುಗೆಮನೆ ಕಟ್ಟಿಸಿದ ಪುಣ್ಯಾತ್ಮರು ಒಲೆಯ ಕಟ್ಟೆಯನ್ನು ಗೋಡೆಗೆ ಹಚ್ಚಿ ಕಟ್ಟಿಸಿದ್ದರು. ಅಲ್ಲಿ ನಿಂತು ಅಡುಗೆ ಮಾಡುವವರ ಬೆನ್ನು ಬಾಗಿಲ ಕಡೆಗೇ ಇರಬೇಕು. ರತ್ನಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲೇ ಗ್ಯಾಸಿನ ಒಲೆಯನ್ನು ಕಟ್ಟೆಯಿಂದ ಇಳಿಸಿ, ಕೋಣೆಯ ನಟ್ಟನಡುವೆ ಒಂದು ಹಳೆಯ ಕಬ್ಬಿಣದ ಮೇಜಿನ ಮೇಲೆ ಇಟ್ಟುಕೊಂಡಿದ್ದಳು. ಓಡಾಡುವವರಿಗೆಲ್ಲ ಅಡ್ಡ. ನಾನು ವಾರ್ಡನ್ ಆಗಿ ಬಂದಾಗ, ಮೊದಲಿದ್ದ ಜಾಗದಲ್ಲೇ ಒಲೆ ಇಡಿ ಎಂದೆ. ಆಕೆ ಹಿಟ್ಟಿನ ಕೈಯನ್ನು ಒರೆಸಿಕೊಳ್ಳದೆ ನನ್ನ ಕಡೆ ನೋಡಿ, "ಮೇಡಂ, ಬೇಕಾದ್ರ ನನ್ನ ಕೆಲಸದಿಂದ ತಗೀರಿ. ಒಲಿ ಮಾತ್ರ ಅಲ್ಲೇ ಇರ್ಲಿ" ಎಂದಳು.

ಅದು ಜಂಬದ ಮಾತಾಗಿರಲಿಲ್ಲ. ಬೇಡಿಕೊಳ್ಳುವ ದನಿ ಇತ್ತು ಅದರಲ್ಲಿ. ಒಲೆ ಅಲ್ಲೇ ಉಳಿಯಿತು.

ಎತ್ತರದ ಹೆಂಗಸು. ವಯಸ್ಸಿಗೆ ಮೊದಲೇ ಬೆಳ್ಳಗಾದ ಕೂದಲು, ಗಟ್ಟಿ ರಟ್ಟೆ. ಊಟವನ್ನು ಯಾವಾಗಲೂ ನಿಂತೇ ಮಾಡುತ್ತಿದ್ದಳು, ತಟ್ಟೆ ಅಂಗೈಯಲ್ಲಿ, ಕಣ್ಣು ಗೇಟಿನ ಮೇಲೆ. ಆಕೆ ಜೋಳದ ರೊಟ್ಟಿ ಬಡಿಯುವ ಸದ್ದು ಹಾಸ್ಟೆಲಿನ ಮಹಡಿಯವರೆಗೂ ಕೇಳುತ್ತಿತ್ತು. ಆ ಸದ್ದು ಒಮ್ಮೆಲೇ ನಿಂತಿತೆಂದರೆ ಗೇಟಿನಲ್ಲಿ ಯಾರೋ ಬಂದಿದ್ದಾರೆ ಎಂದು ಹುಡುಗಿಯರಿಗೆಲ್ಲ ಗೊತ್ತಾಗುತ್ತಿತ್ತು. ಬಂದವನು ಹಾಲಿನವನೋ ಸಿಲಿಂಡರಿನವನೋ ಎಂದು ಖಾತ್ರಿಯಾದ ಮೇಲೆ ಮತ್ತೆ ಬಡಿತ ಶುರುವಾಗುತ್ತಿತ್ತು.

ಇನ್ನೊಂದು ವಿಚಿತ್ರವಿತ್ತು. ರಜೆಗೆ ಊರಿಗೆ ಹೊರಟ ಹುಡುಗಿಯರು ಅಡುಗೆಮನೆಯ ಬಾಗಿಲಿಗೆ ಬಂದು "ಅಕ್ಕಾ, ಬರ್ತೀವಿ" ಎಂದರೆ ಆಕೆಯ ಮುಖ ಬಿಳಿಚಿಕೊಳ್ಳುತ್ತಿತ್ತು. "ಹೋಗ್ತೀವಿ ಅನ್ರೇ. ಬರ್ತೀವಿ ಅನಬ್ಯಾಡ್ರಿ" ಎನ್ನುತ್ತಿದ್ದಳು. ನಮ್ಮ ಕಡೆ ಹೋಗುತ್ತೇನೆ ಎನ್ನುವುದೇ ಅಪಶಕುನ. ಹಾಗಾಗಿ ಹುಡುಗಿಯರು ನಗುತ್ತಿದ್ದರು, ಈ ಅಕ್ಕನಿಗೆ ಎಲ್ಲವೂ ಉಲ್ಟಾ ಎಂದು. ಫೋನ್ ಎತ್ತಿ ಸೆಲ್ಫಿಗೆ ಎಳೆದರೆ ಸೆರಗನ್ನು ಮೂಗಿನವರೆಗೂ ಎಳೆದುಕೊಳ್ಳುತ್ತಿದ್ದಳು. ಅಂಥ ಫೋಟೋಗಳಲ್ಲಿ ಆಕೆಯ ಎರಡು ಕಣ್ಣು ಮಾತ್ರ ಇವೆ.

ಅಡುಗೆ ಮಾತ್ರ ಯಾರೂ ಮರೆಯುವಂಥದ್ದಲ್ಲ. ಬರೀ ಪುಂಡಿಪಲ್ಲೆ, ಹಸಿ ಖಾರ, ಬಿಸಿ ರೊಟ್ಟಿ ಇದ್ದರೂ ಹುಡುಗಿಯರು ತಟ್ಟೆ ನೆಕ್ಕಿ ಏಳುತ್ತಿದ್ದರು. ಅತ್ತುಕೊಂಡು ಬಂದ ಹುಡುಗಿಗೆ ಏನಾಯಿತೆಂದು ಕೇಳುತ್ತಿರಲಿಲ್ಲ, ಮೊದಲು ತಟ್ಟೆ ಇಡುತ್ತಿದ್ದಳು. "ಹಸದ ಹೊಟ್ಟಿಗೆ ಬುದ್ಧಿ ಹೇಳಬಾರ್ದು ಮೇಡಂ, ಅದು ಕಿವಿಗೇ ಹೋಗೂದಿಲ್ಲ" ಎನ್ನುತ್ತಿದ್ದಳು. ಸಿಟ್ಟು ಬಂದರೆ ಮಾತು ತೆಲುಗಿಗೆ ಹೊರಳುತ್ತಿತ್ತು. ಗಡಿಯಾಚೆ ಆದೋನಿ ಕಡೆಯವಳು ಎಂಬುದಷ್ಟೇ ನಮಗೆ ತಿಳಿದಿತ್ತು. ಗಂಡ, ಮಕ್ಕಳು, ತವರು ಯಾವುದರ ಮಾತನ್ನೂ ಎತ್ತುತ್ತಿರಲಿಲ್ಲ. ಅಪರೂಪಕ್ಕೆ ತಂಗಿ ಫೋನ್ ಮಾಡುತ್ತಿದ್ದಳು. ಆಗ ಹಿತ್ತಲಿಗೆ ಹೋಗಿ ಪಿಸುದನಿಯಲ್ಲಿ ಮಾತಾಡಿ ಬರುತ್ತಿದ್ದಳು.

ಇದೆಲ್ಲ ಏಕೆಂದು ನನಗೆ ತಿಳಿದದ್ದು ಒಂದು ಸಿನಿಮಾದಿಂದ.

ಆ ವರ್ಷ ಒಂದು ತೆಲುಗು ಸಿನಿಮಾ ನಮ್ಮ ಊರಿನ ಹುಡುಗ ಹುಡುಗಿಯರ ತಲೆ ಕೆಡಿಸಿತ್ತು. ಮನೆ ಬಿಟ್ಟು ಓಡಿದ ಇಬ್ಬರು ಪ್ರೇಮಿಗಳು ದಾರಿಯುದ್ದಕ್ಕೂ ದರೋಡೆ ಮಾಡುತ್ತ, ಅಡ್ಡ ಬಂದವರನ್ನು ಕೊಲ್ಲುತ್ತ ಹೋಗುವ ಕಥೆ. ಬೈಕಿನ ಹಿಂದಿನ ಸೀಟಿನಲ್ಲಿ ತಿರುಗಿ ಕೂತು ಪೊಲೀಸ್ ಜೀಪಿಗೆ ಗುಂಡು ಹಾರಿಸುವ ನಾಯಕಿಯ ಪೋಸ್ಟರು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆಲ್ಲ ಇತ್ತು. ಹಾಸ್ಟೆಲಿನ ಮೆಟ್ಟಿಲ ಮೇಲೆ, ನೀರಿನ ಟ್ಯಾಂಕಿನ ಹತ್ತಿರ, ಎಲ್ಲಿ ನೋಡಿದರೂ ಆ ಸಿನಿಮಾದ ಹಾಡಿಗೆ ರೀಲ್ಸ್. ಸಿನಿಮಾಕ್ಕೆ ಕರೆದುಕೊಂಡು ಹೋಗಿ ಎಂದು ಹುಡುಗಿಯರು ನನ್ನ ಬೆನ್ನು ಹತ್ತಿದರು. ಭಾನುವಾರದ ಮಧ್ಯಾಹ್ನದ ಆಟಕ್ಕೆ, ನಾನೂ ರತ್ನಕ್ಕನೂ ಜೊತೆಗಿದ್ದರೆ ಮಾತ್ರ, ಎಂದು ಒಪ್ಪಿದೆ. ರತ್ನಕ್ಕ ಒಲ್ಲೆ ಎಂದಳು. ಬಾದನಹಟ್ಟಿಯ ಶಿಲ್ಪಾ, ಬಿ.ಕಾಂ. ಕೊನೆಯ ವರ್ಷದ ಹುಡುಗಿ, ರತ್ನಕ್ಕನಿಗೆ ಎಲ್ಲರಿಗಿಂತ ಹತ್ತಿರದವಳು, ಆಕೆಯ ಕೈ ಹಿಡಿದು ಎಳೆದುಕೊಂಡೇ ಬಂದಳು.

ಥಿಯೇಟರಿನಲ್ಲಿ ರತ್ನಕ್ಕ ಕೊನೆಯ ಸಾಲಿನಲ್ಲಿ, ಗೋಡೆಗೆ ಆತು ಕೂತಳು. ಪಕ್ಕದಲ್ಲಿ ನಾನು. ಅರ್ಧ ಸಿನಿಮಾ ಸುಮ್ಮನೆ ನೋಡಿದಳು. ಆಮೇಲೆ ಒಂದು ಢಾಬಾದ ದೃಶ್ಯ ಬಂತು. ಪ್ರೇಮಿಗಳಿಬ್ಬರೂ ಉಣ್ಣುತ್ತಿದ್ದಾರೆ. ಢಾಬಾದ ಮುದುಕ ಟಿವಿಯಲ್ಲಿ ಅವರ ಚಿತ್ರ ನೋಡಿ ಗುರುತು ಹಿಡಿಯುತ್ತಾನೆ. ನಾಯಕ ಕೂತಲ್ಲಿಂದಲೇ ಗುಂಡು ಹಾರಿಸುತ್ತಾನೆ. ಮುದುಕ ಬೀಳುತ್ತಾನೆ. ನಾಯಕಿ ಬೆರಳಿಗೆ ಹತ್ತಿದ ಸಾರನ್ನು ನೆಕ್ಕಿ ನಗುತ್ತಾಳೆ. ಹಾಡು ಶುರುವಾಗುತ್ತದೆ. ಥಿಯೇಟರಿನ ತುಂಬ ಶಿಳ್ಳೆ, ಪೇಪರಿನ ಚೂರು.

ನನ್ನ ಮಣಿಕಟ್ಟನ್ನು ಯಾರೋ ಹಿಡಿದರು. ಆ ಕೈ ನೀರಲ್ಲಿ ಅದ್ದಿ ತೆಗೆದಷ್ಟು ತಣ್ಣಗಿತ್ತು. ರತ್ನಕ್ಕ ಎದ್ದು ನಿಂತಿದ್ದಳು. ನಾನು ಏನಾಯಿತೆಂದು ಕೇಳುವಷ್ಟರಲ್ಲಿ ಬಾಗಿಲು ನೂಕಿ ಹೊರಗೆ ಹೋಗಿಬಿಟ್ಟಳು.

ಹೊರಗೆ ಉರಿ ಬಿಸಿಲು. ಥಿಯೇಟರಿನ ಮೆಟ್ಟಿಲ ಬದಿಯಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದಳು. ಸೋಡಾ ಅಂಗಡಿಯವನಿಂದ ನೀರು ತಂದು ಕೊಟ್ಟೆ. ಬಾಯಿ ತೊಳೆದುಕೊಂಡಳು. ಗೋಡೆಯಾಚೆಯಿಂದ ಗುಂಡಿನ ಸದ್ದು, ಶಿಳ್ಳೆ ಕೇಳಿಬರುತ್ತಲೇ ಇತ್ತು.

"ಮನಷ್ಯಾ ಅಷ್ಟು ಲಗೂನ ಸಾಯೂದಿಲ್ರಿ ಮೇಡಂ" ಎಂದಳು. "ಆ ಮುದುಕ ಹಂಗ ಬೀಳೂದಿಲ್ಲ. ಕೈಕಾಲು ಬಡಕೊಂತಾನ. ಬಾಳ ಹೊತ್ತು ಬಡಕೊಂತಾನ."

ಆಕೆಯೇ ಹೇಳತೊಡಗಿದಳು.

ಆಕೆಯ ಹೆಸರು ರತ್ನ ಅಲ್ಲ, ದುರುಗಮ್ಮ. ಹರೆಯದಲ್ಲಿ ಈರಣ್ಣ ಎಂಬ ಲಾರಿ ಕ್ಲೀನರನ ಹಿಂದೆ ಮನೆ ಬಿಟ್ಟು ಹೋದವಳು. "ನಾನೂ ಇಂಥಾ ಸಿನಿಮಾ ನೋಡೇ ಹೋದಾಕಿ" ಎಂದಳು. ಈರಣ್ಣ ಜೋರಾಗಿ ಮಾತಾಡಿದವನಲ್ಲ, ಒಂದು ದಿನವೂ ಆಕೆಯ ಮೇಲೆ ಕೈ ಮಾಡಿದವನಲ್ಲ. "ಸಿಟ್ಟಿಗೇಳಾವ್ರನ್ನ ನಂಬಬೌದ್ರಿ. ಅವ್ರು ಯಾವಾಗ ಹೊಡೀತಾರ ಅನ್ನೂದು ಗೊತ್ತಾಕ್ಕೈತಿ. ಈತ ನಕ್ಕೋತನ ಮಾತಾಡಾವ. ಎಲ್ಲಾರಿಗೂ ರೀ ಹಚ್ಚಿ ಮಾತಾಡಾವ." ಬೈಕಿನಲ್ಲಿ ಇಬ್ಬರೂ ತಿರುಗಿದರು. ಒಂಟಿಯಾಗಿ ಸಿಕ್ಕವರ ಕೊರಳ ಸರ ಕಿತ್ತರು, ನಿಂತ ಲಾರಿಗಳಲ್ಲಿ ಮಲಗಿದ ಡ್ರೈವರುಗಳನ್ನು ಬೆದರಿಸಿದರು. ಆಕೆಗೆ ಅದು ಪ್ರೀತಿ ಅನ್ನಿಸಿತ್ತು. ಜಗತ್ತೆಲ್ಲ ಒಂದು ಕಡೆ, ತಾವಿಬ್ಬರೇ ಒಂದು ಕಡೆ.

ಒಂದು ಮಧ್ಯಾಹ್ನ ಹೆದ್ದಾರಿ ಬದಿಯ ಗುಡಿಸಲು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರು. ಒಬ್ಬನೇ ಮುದುಕ, ಅಡುಗೆಯೂ ಅವನದೇ ಬಡಿಸುವುದೂ ಅವನೇ. "ತಿನ್ನು ಮಗಳಾ, ಇನ್ನೊಂದು ತಿನ್ನು ಅಂತ ರೊಟ್ಟಿ ಹಾಕಿದ. ನಮ್ಮಪ್ಪನೂ ನನಗ ಹಂಗ ಅಂದಿದ್ದಿಲ್ಲ." ಆಮೇಲೆ ಮುದುಕ ಈರಣ್ಣನ ಮುಖವನ್ನು ಎರಡು ಸಲ ನೋಡಿ, ಫೋನ್ ತೆಗೆದುಕೊಂಡು ಒಳಗೆ ಹೋದ. ಈರಣ್ಣ ಬೈಕಿಗೆ ಕಟ್ಟಿದ ಕಬ್ಬಿಣದ ಸಲಾಕೆ ಬಿಚ್ಚಿಕೊಂಡು ಅವನ ಹಿಂದೆ ಹೋದ.

"ಆಕಿ ನಕ್ಕಳಲ್ರಿ ಸಿನಿಮಾದಾಗ. ನನ್ನ ಕೈಯಾಗ ತುತ್ತಿತ್ತು. ಅದನ್ನ ಬಾಯಾಗ ಇಡ್ಲೋ ಕೆಳಗ ಇಡ್ಲೋ ತಿಳೀಲಿಲ್ಲ. ಒಳಗ ಸದ್ದು ಆಗಾಕತ್ತಿತ್ತು. ಆಮ್ಯಾಲೆ ಆತ ಬಂದ. ಅಲ್ಲೇ ಹಗ್ಗದ ಮ್ಯಾಲಿದ್ದ ಟವೆಲ್ಲಿಗೆ ಕೈ ಒರಸಿಕೊಂಡು, ಬೈಕ್ ಚಾಲೂ ಮಾಡಿ, 'ಹತ್ತು' ಅಂದ." ರತ್ನಕ್ಕ ನನ್ನ ಮುಖ ನೋಡಿದಳು. "ಹತ್ತಿದೆ ಮೇಡಂ. ಜನ ತಿಳಕೊಂಡಾರ, ಹೆದರಿದಾವ್ರು ಓಡಿ ಹೊಕ್ಕಾರ ಅಂತ. ಅಲ್ರಿ. ಹತ್ತು ಅಂದ ಕೂಡ್ಲೆ ಹತ್ತೂದೈತಲ್ಲ, ಅದು ಹೆದರಿಕಿ."

ಮಾರನೆಯ ದಿನ ಒಂದು ಬಸ್‌ಸ್ಟ್ಯಾಂಡಿನಲ್ಲಿ ಅವನು ಬೀಡಿ ತರಲು ಹೋದಾಗ ಆಕೆ ನೇರ ಪೊಲೀಸ್ ಚೌಕಿಗೆ ನಡೆದುಹೋದಳು. ಮಾಫಿ ಸಾಕ್ಷಿಯಾಗಿ ಎಲ್ಲ ಹೇಳಿ ತಾನು ಶಿಕ್ಷೆಯಿಂದ ಪಾರಾದಳು. ಅವನಿಗೆ ಜೀವಾವಧಿ ಆಯಿತು. ಕೋರ್ಟಿನಿಂದ ಕರೆದೊಯ್ಯುವಾಗ ಈರಣ್ಣ ಆಕೆಯ ಹತ್ತಿರ ಒಂದು ಗಳಿಗೆ ನಿಂತನಂತೆ. ಬೈಯಲಿಲ್ಲ, ಕಣ್ಣು ಕೆಂಪಗೆ ಮಾಡಲಿಲ್ಲ. ಸಂತೆಗೆ ಹೊರಟವನ ಹಾಗೆ "ಬರ್ತೀನಿ, ದುರುಗೀ" ಎಂದನಂತೆ.

ತವರಿನವರು ಸೇರಿಸಿಕೊಳ್ಳಲಿಲ್ಲ. ಆಕೆ ಗಡಿ ದಾಟಿ, ಹೆಸರು ಬದಲಿಸಿಕೊಂಡು, ಹಚ್ಚೊಳ್ಳಿ ಕಡೆ ಗದ್ದೆಗಳಲ್ಲಿ ಭತ್ತ ನಾಟಿಯ ಕೂಲಿ ಮಾಡಿ, ಆಮೇಲೆ ನಮ್ಮ ಅಡುಗೆಮನೆಗೆ ಬಂದಳು. ಒಂದಲ್ಲ ಒಂದು ದಿನ ಅವನು ಹೊರಗೆ ಬರುತ್ತಾನೆ ಎಂಬುದು ಆಕೆಗೆ ಗೊತ್ತಿತ್ತು. ಬಂದಿದ್ದಾನೋ ಇಲ್ಲವೋ ಎಂದು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಸಿನಿಮಾ ಬಿಟ್ಟು ಹುಡುಗಿಯರು ಹಾಡುತ್ತ ಹೊರಬಂದರು. ರತ್ನಕ್ಕ ಎದ್ದು ಸೆರಗು ಸರಿಮಾಡಿಕೊಂಡು, ಎಲ್ಲರನ್ನೂ ಎಣಿಸಿ ರಸ್ತೆ ದಾಟಿಸಿದಳು.

ಅದಾದ ಮೇಲೆ ಶಿಲ್ಪಾ ಬದಲಾದಳು. ಆ ನಾಯಕಿಯ ಹಾಗೆ ಹಣೆಯ ಮೇಲೆ ಕೂದಲು ಕತ್ತರಿಸಿಕೊಂಡಳು. ಭತ್ತದ ಲಾರಿ ಓಡಿಸುವ ಮಂಜ ಎಂಬ ಹುಡುಗ ಹಾಸ್ಟೆಲಿನ ಎದುರು ಬೈಕಿನಲ್ಲಿ ಸುಳಿದಾಡತೊಡಗಿದ. ಅವನು ಆಟಿಕೆಯ ಪಿಸ್ತೂಲನ್ನು ಶಿಲ್ಪಾಳ ಎದೆಗೆ ಹಿಡಿದು ಮಾಡಿದ ರೀಲ್ಸು ಹುಡುಗಿಯರ ಫೋನಿನಲ್ಲೆಲ್ಲ ಓಡಾಡಿತು. ನಾನು ಶಿಲ್ಪಾಳನ್ನು ಕರೆದು ಗದರಿಸಿದೆ, ಊರಿಗೆ ಫೋನ್ ಮಾಡುತ್ತೇನೆಂದು ಹೆದರಿಸಿದೆ. ರತ್ನಕ್ಕ ಮಾತ್ರ ಆಕೆ ಊಟಕ್ಕೆ ಬರುವವರೆಗೆ ಕಾದಳು. ತಟ್ಟೆ ಖಾಲಿಯಾಗುವವರೆಗೂ ಏನೂ ಅನ್ನಲಿಲ್ಲ. ಆಮೇಲೆ ತನ್ನ ಕಥೆಯನ್ನು, ಮುದುಕನ ಸಹಿತ, ಮುಚ್ಚುಮರೆಯಿಲ್ಲದೆ ಹೇಳಿದಳು. ನಾನು ಅಲ್ಲೇ ಇದ್ದೆ.

"ಆತನ ಕೈಯಾಗಿನ ಗನ್ ನಕಲಿ ಐತಿ, ಒಪ್ಪಿದೆ" ಎಂದಳು. "ಆತನ ಕೈಯೂ ನಕಲಿ ಏನಬೇ?"

ಶಿಲ್ಪಾ ತಲೆ ತಗ್ಗಿಸಿಕೊಂಡೇ ಎಲ್ಲ ಕೇಳಿಸಿಕೊಂಡಳು. ಕಥೆ ಆಕೆಯನ್ನು ತಟ್ಟಿತ್ತು, ಆದರೆ ಬೇರೆ ರೀತಿಯಲ್ಲಿ. "ಅಕ್ಕಾ, ನೀನು ಸಿನಿಮಾ ಅರ್ಧಕ್ಕ ಬಿಟ್ಟು ಎದ್ದಿ" ಎಂದಳು. "ಕೊನಿಗೆ ಆತ ಆಕಿ ಸಲುವಾಗಿ ಸಾಯ್ತಾನ. ಆಕೀನೂ ಆತನ ಕೈ ಬಿಡೂದಿಲ್ಲ."

"ಸಾಯೂದಿಲ್ಲಬೇ" ಎಂದಳು ರತ್ನಕ್ಕ. "ಯಾರೂ ಸಾಯೂದಿಲ್ಲ. ಇಬ್ರೂ ಬದುಕಿರ್ತಾರ. ನಿನಗ ಹೆಂಗ ತಿಳಿಸಿ ಹೇಳ್ಲಿ?"

ಕೆಲವೇ ದಿನಗಳಲ್ಲಿ ಶಿಲ್ಪಾ ಕಾಲೇಜಿಗೆಂದು ಹೋದವಳು ಹಿಂದಿರುಗಲಿಲ್ಲ. ಸಂಜೆಯ ಹೊತ್ತಿಗೆ ಊರಲ್ಲಿ ಸುದ್ದಿ ಹಬ್ಬಿತು. ತೆಕ್ಕಲಕೋಟೆ ರಸ್ತೆಯಲ್ಲಿ ಗಂಡನ ಹಿಂದೆ ಮೊಪೆಡ್ ಮೇಲೆ ಹೊರಟಿದ್ದ ಹೆಂಗಸೊಬ್ಬಳ ತಾಳಿಸರಕ್ಕೆ ಯಾರೋ ಬೈಕಿನವರು ಕೈ ಹಾಕಿದ್ದಾರೆ, ಆಕೆ ರಸ್ತೆಗೆ ಬಿದ್ದು ತಲೆ ಒಡೆದಿದೆ, ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದಿದ್ದಾರೆ. ಬೈಕಿನಲ್ಲಿ ಹಿಂದೆ ಒಬ್ಬಳು ಹುಡುಗಿ ಇದ್ದಳು.

ಮಾರನೆಯ ಬೆಳಿಗ್ಗೆ ರತ್ನಕ್ಕ ರೊಟ್ಟಿ ಬಡಿಯುತ್ತಿದ್ದಾಗ ಆಕೆಯ ಫೋನ್ ಬಡಿದುಕೊಂಡಿತು. ಹಿಟ್ಟಿನ ಕೈಯಲ್ಲೇ ಎತ್ತಿದಳು. ಆ ಕಡೆಯಿಂದ ಶಿಲ್ಪಾಳ ಅಳು ನನಗೂ ಕೇಳಿಸಿತು.

"ಅಕ್ಕಾ, ಕುರುಗೋಡು ಗುಡ್ಡದಾಗ ಅದೀವಿ. ಹಾಳು ಮಂಟಪ ಐತಲ್ಲ, ಅಲ್ಲಿ. ಆತ ನೀರು ಹುಡುಕಾಕ ಹೋಗ್ಯಾನ. ಅಕ್ಕಾ, ಆ ಹೆಣ್ಣುಮಗಳು ಸತ್ತಾಳೇನು?"

"ಇಲ್ಲ, ಬದುಕ್ಯಾಳ" ಎಂದಳು ರತ್ನಕ್ಕ. ಅದು ಆಕೆಗೆ ಗೊತ್ತಿರಲಿಲ್ಲ. "ನೀ ಅಲ್ಲೇ ಕುಂದ್ರು. ನಾ ಬಂದೆ."

ನಾನು ಪೊಲೀಸರಿಗೆ ಫೋನ್ ಮಾಡಿದೆ. ಕುರುಗೋಡಿನಿಂದ ಜೀಪು ಕಳಿಸುತ್ತೇವೆ, ನೀವು ಹೋಗಬೇಡಿ ಎಂದರು. ರತ್ನಕ್ಕ ಅಷ್ಟರಲ್ಲಿ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿದ್ದಳು. "ಜೀಪಿನ ಸದ್ದು ಕೇಳಿದ್ರ ಆತ ಹತ್ತು ಅಂತಾನ ಮೇಡಂ. ಈಕಿ ಹತ್ತತಾಳ" ಎಂದಳು. ಒಬ್ಬಳನ್ನೇ ಕಳಿಸುವುದು ನನ್ನಿಂದಾಗಲಿಲ್ಲ. ಬಾಡಿಗೆ ಕಾರು ಹಿಡಿದು ಹೊರಟೆವು. ದಾರಿಯ ಎರಡೂ ಕಡೆ ಕಾಲುವೆ ನೀರಿನ ಹಸಿರು ಗದ್ದೆ. ರತ್ನಕ್ಕ ಅದನ್ನು ನೋಡಲಿಲ್ಲ. ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದಳು.

ಕುರುಗೋಡಿನ ಗುಡ್ಡ ಎಂದರೆ ಆನೆಗಾತ್ರದ ಬಂಡೆಗಳ ರಾಶಿ. ಕಾರು ಬುಡದಲ್ಲಿ ನಿಂತಿತು. ಮೇಕೆ ಮೇಯಿಸುವವರು, ಗುಡಿಗೆ ಬಂದ ಕೆಲವರು ಆಗಲೇ ಗುಂಪುಗೂಡಿ ಮೇಲೆ ಕೈ ತೋರಿಸುತ್ತಿದ್ದರು. ಅವರೂ ನಮ್ಮ ಹಿಂದೆಯೇ ಹತ್ತಿದರು. ಮಂಟಪದ ಕಲ್ಲಿನ ಮೇಲೆ ಮಂಜ ಕೂತಿದ್ದ, ತೊಡೆಯ ಮೇಲೆ ಮಚ್ಚು. ಬೈಕು ಬಂಡೆಯ ಮರೆಯಲ್ಲಿತ್ತು, ಆಚೆ ಬದಿಗೆ ಬೈಕು ಹತ್ತಿ ಇಳಿಯುವಷ್ಟು ಅಗಲದ ಕಾಲುದಾರಿ. ಶಿಲ್ಪಾ ಗೋಡೆಗೆ ಒರಗಿ ಮುದುಡಿಕೊಂಡಿದ್ದಳು.

"ಯಾರೂ ಹತ್ರ ಬರಬ್ಯಾಡ್ರಿ! ಕಡೀತೀನಿ!" ಎಂದು ಮಂಜ ಕೂಗಿದ. ಅದು ಸಿನಿಮಾದ ದನಿಯಾಗಿರಲಿಲ್ಲ. ಒಡೆದ, ಅಳು ತುಂಬಿದ ದನಿ.

ರತ್ನಕ್ಕ ನಿಲ್ಲಲಿಲ್ಲ. ನಿಧಾನಕ್ಕೆ ಹೋಗಿ ಇಬ್ಬರ ನಡುವೆ ಬಟ್ಟೆ ಬಿಚ್ಚಿ ಇಟ್ಟಳು. "ನಿನ್ನಿಯಿಂದ ಏನೂ ತಿಂದಿಲ್ಲ ನೀವು. ತಿನ್ರಿ ಮೊದ್ಲು" ಎಂದಳು. ಮಂಜ ಆಕೆಯನ್ನೂ ರೊಟ್ಟಿಯನ್ನೂ ನೋಡಿದ. ಎಡಗೈ ಚಾಚಿ ಒಂದು ಚೂರು ಮುರಿದುಕೊಂಡ. ಶಿಲ್ಪಾಳೂ ಒಂದು ತುತ್ತು ಬಾಯಿಗಿಟ್ಟಳು. ಆ ಒಂದು ಗಳಿಗೆ ಎಲ್ಲ ಇಲ್ಲಿಗೇ ಮುಗಿಯಿತೆಂದು ನಾನು ನಂಬಿದ್ದೆ.

ಆಗ ಕೆಳಗೆ ಜೀಪಿನ ಸದ್ದಾಯಿತು.

ಮಂಜ ನೆಗೆದೆದ್ದು ಬೈಕಿನ ಹತ್ತಿರ ಓಡಿ ಕಿಕ್ ಹೊಡೆದ. "ಶಿಲ್ಪಾ, ಹತ್ತು!" ಎಂದ. ಶಿಲ್ಪಾ ಎದ್ದಳು. ಆಕೆಯ ಬಾಯಲ್ಲಿ ಇನ್ನೂ ತುತ್ತಿತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು, ಆದರೂ ಕಾಲು ಬೈಕಿನ ಕಡೆಗೇ ನಡೆದವು. ರತ್ನಕ್ಕ ಹಿಂದಿನಿಂದ ಬಂದು ಎರಡೂ ತೋಳಿನಿಂದ ಆಕೆಯನ್ನು ಬಾಚಿ ತಬ್ಬಿಕೊಂಡು ಕೂತುಬಿಟ್ಟಳು. ಶಿಲ್ಪಾ ಕೊಸರಿದಳು, ಚೀರಿದಳು, ಕಚ್ಚಿದಳು. ಮಂಜ ಓಡಿಬಂದು ಮಚ್ಚು ಬೀಸಿದ. ರತ್ನಕ್ಕನ ಮುಂಗೈಯಿಂದ ಮೊಣಕೈವರೆಗೆ ರಕ್ತ ಚಿಮ್ಮಿತು. ತೋಳು ಸಡಿಲಾಗಲಿಲ್ಲ.

"ಬಿಡೂದಿಲ್ಲಲೇ" ಎಂದಳು. "ಇನ್ನೊಂದು ಹಾಕು. ಬಿಡೂದಿಲ್ಲ."

ಮಂಜ ರಕ್ತ ನೋಡಿ ತಾನೇ ಹಿಂದೆ ಸರಿದ. ಮಚ್ಚು ಬಿಸಾಡಿ ಬಂಡೆಗಳ ನಡುವೆ ಓಡಿ ಜಾರಿಬಿದ್ದ. ಪೊಲೀಸರು ಅಲ್ಲೇ ಹಿಡಿದರು.

ನಾನು ರತ್ನಕ್ಕನ ಕೈಗೆ ಬಟ್ಟೆ ಸುತ್ತುವಾಗ ಸುತ್ತ ನೋಡಿದೆ. ನಿಂತವರೆಲ್ಲರ ಕೈಯಲ್ಲೂ ಫೋನ್ ಮೇಲೆದ್ದಿತ್ತು. ರತ್ನಕ್ಕನ ಸೆರಗು ಯಾವಾಗಲೋ ತಲೆಯಿಂದ ಜಾರಿತ್ತು. ಬಿಳಿ ಕೂದಲು, ಹಣೆ, ಗಲ್ಲ, ಪೂರ್ತಿ ಮುಖ ಬೆಳಗಿನ ಬಿಸಿಲಿಗೆ ತೆರೆದುಕೊಂಡಿತ್ತು. ಆಕೆಯೂ ಆ ಫೋನುಗಳನ್ನು ನೋಡಿದಳು. ಮುಖ ಮುಚ್ಚಿಕೊಳ್ಳಲು ಒಂದು ಕೈಯಾದರೂ ಬೇಕಿತ್ತು. ಎರಡೂ ಕೈ ಶಿಲ್ಪಾಳನ್ನು ಹಿಡಿದಿದ್ದವು.

ಮೊಪೆಡ್ಡಿನಿಂದ ಬಿದ್ದ ಆ ಹೆಂಗಸು ಬದುಕಿದಳು. ಬಳ್ಳಾರಿಯ ಅದೇ ಆಸ್ಪತ್ರೆಯಲ್ಲಿ ರತ್ನಕ್ಕನ ಕೈಗೂ ಹೊಲಿಗೆ ಹಾಕಿದರು. ಶಿಲ್ಪಾ ಪೊಲೀಸರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೇಳುವಾಗ ರತ್ನಕ್ಕ ಆಕೆಯ ಪಕ್ಕ ನಿಂತಿದ್ದಳು. ಕೇಸು ನಡೆಯುತ್ತಿದ್ದರೂ ಜಾಮೀನಿನ ಮೇಲೆ ಹೊರಗಿದ್ದು ಪರೀಕ್ಷೆ ಬರೆಯಲು ಅನುಮತಿ ಸಿಕ್ಕಿತು. ಅಪ್ಪ ಅಮ್ಮ ಊರಿಗೆ ಕರೆದೊಯ್ಯುತ್ತೇವೆಂದರೂ ಆಕೆ ಹಾಸ್ಟೆಲಿಗೇ ಬಂದಳು. ಅಡುಗೆಮನೆಯಲ್ಲಿ ರತ್ನಕ್ಕನ ಒಂದು ಕೈಯ ಕೆಲಸವನ್ನು ತಾನು ಮಾಡತೊಡಗಿದಳು.

ವಿಡಿಯೋ ಮಾತ್ರ ಕಾಡ್ಗಿಚ್ಚಿನಂತೆ ಹರಡಿತು. ಯಾರೋ ಅದಕ್ಕೆ ಅದೇ ಸಿನಿಮಾದ ಹಾಡನ್ನು ಜೋಡಿಸಿ, ಸಿರುಗುಪ್ಪದ ಹಾಸ್ಟೆಲಿನ ಅಡುಗೆಯಾಕೆ ಎಂದೂ ಬರೆದಿದ್ದರು. ಹುಡುಗಿಯರು ಹೆಮ್ಮೆಯಿಂದ ತಂದು ತೋರಿಸಿದರು. ರತ್ನಕ್ಕ ಪೂರ್ತಿ ನೋಡಿ ನನ್ನ ಕಡೆ ತಿರುಗಿದಳು.

"ಇದನ್ನ ಅಳಸಾಕ ಬರ್ತೈತೇನ್ರಿ ಮೇಡಂ?"

"ಇಲ್ಲ ರತ್ನಕ್ಕಾ. ಎಲ್ಲಾರ ಫೋನಿನಾಗೂ ಹೋಗೈತಿ."

"ಆದೋನಿ ಕಡಿಗೂ?"

ಅದಕ್ಕೆ ಉತ್ತರ ಆಕೆಯ ತಂಗಿಯ ಫೋನಿನಲ್ಲಿ ಬಂತು. ಈರಣ್ಣ ಬಿಡುಗಡೆಯಾಗಿ ಬಂದು ಕೆಲವು ತಿಂಗಳಾಗಿತ್ತು. ತಂಗಿ ಹೆದರಿ ಹೇಳಿರಲಿಲ್ಲ. ಊರಲ್ಲಿ ಯಾರ ತಂಟೆಗೂ ಹೋಗದೆ ಚಹಾದ ಅಂಗಡಿಯಲ್ಲಿ ಕೂತಿರುತ್ತಾನಂತೆ. ಆ ವಿಡಿಯೋ ಅವನಿಗೆ ಯಾರೋ ತೋರಿಸಿದ್ದರು. ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದನಂತೆ. ಆಮೇಲೆ ತಂಗಿಯ ಮನೆಯ ಮುಂದೆ ನಿಂತು, "ನಿಮ್ಮಕ್ಕ ಚಲೋ ಅದಾಳಲ್ಲಮ್ಮಾ? ಕೈಗೆ ಬಾಳ ಪೆಟ್ಟಾಗೈತಿ, ಪಾಪ" ಎಂದು ಹೇಳಿ ಹೋದನಂತೆ.

ನಾವು ಪೊಲೀಸರ ಹತ್ತಿರ ಹೋದೆವು. ಅವರು ಸಮಾಧಾನದಿಂದಲೇ ಕೇಳಿದರು. ಆದರೆ ಶಿಕ್ಷೆ ಮುಗಿಸಿ ಬಂದವನು, ಏನೂ ಮಾಡಿಲ್ಲ, ಬೆದರಿಸಿಯೂ ಇಲ್ಲ. ಬಂದರೆ ತಕ್ಷಣ ಫೋನ್ ಮಾಡಿ ಎಂದರು. ಹೊರಗೆ ಬಂದ ಮೇಲೆ ರತ್ನಕ್ಕ, "ಆತ ಬಂದ ಮ್ಯಾಲೆ ಫೋನ್ ಮಾಡಾಕ ನಾ ಇರಬೇಕಲ್ರಿ?" ಎಂದಳು. ಹಾಸ್ಟೆಲಿಗೆ ಹಿಂತಿರುಗುವಾಗ, "ಹಾಸ್ಟೆಲ್ ತುಂಬ ಹೆಣ್ಣುಮಕ್ಕಳು ಅದಾರ. ಆತ ನನ್ನ ಹುಡಿಕ್ಕೊಂಡು ಆ ಗೇಟಿನಾಗ ಕಾಲಿಡೂದು ಬ್ಯಾಡ" ಎಂದಳು.

ಆಕೆಯನ್ನು ಬಳ್ಳಾರಿಯ ಬಸ್‌ಸ್ಟ್ಯಾಂಡಿಗೆ ನಾನೇ ಕರೆದುಕೊಂಡು ಹೋದೆ. ಶಿಲ್ಪಾಳಿಗೆ ಹೇಳಲಿಲ್ಲ, ಹೇಳಿದ್ದರೆ ಬಿಡುತ್ತಿರಲಿಲ್ಲ. ಒಂದು ಚೀಲ, ಕೈಗೆ ಬ್ಯಾಂಡೇಜು. ಹೊಸ ಸೀರೆಯೊಂದನ್ನು ಹುಡುಗಿಯರ ಪರವಾಗಿ ಕೊಟ್ಟೆ. ಚಹಾ ಕುಡಿದೆವು. ಎಲ್ಲಿಗೆ ಎಂದು ಕೇಳಲು ನಾನು ಬಾಯಿ ತೆರೆದಾಗ ಆಕೆ ಕೈಯೆತ್ತಿ ತಡೆದಳು.

"ಕೇಳಬ್ಯಾಡ್ರಿ. ನಿಮಗ ಗೊತ್ತಾದ್ರ ಆತ ಬಂದು ಕೇಳಿದಾಗ ನಿಮ್ಮ ಮಾರಿ ಮ್ಯಾಲೆ ಕಾಣ್ತೈತಿ. ಆತ ಮಾತು ಕೇಳೂದಿಲ್ರಿ, ಮಾರಿ ನೋಡ್ತಾನ. ಗೊತ್ತಿಲ್ಲ ಅಂದ್ರ ಖರೇನ ಗೊತ್ತಿರಬಾರ್ದು." ಆಮೇಲೆ ನನ್ನ ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದಳು. "ಹಿಂಗ ನಿಂದರ್ರಿ. ನೋಡಬ್ಯಾಡ್ರಿ. ಶಿಲ್ಪಾಗ ಟೈಮಿಗೆ ಉಣ್ಣಾಕ ಹಾಕ್ರಿ. ಹೋಗ್ತೀನಿ."

ನಾನು ಗೋಡೆ ನೋಡುತ್ತ ನಿಂತೆ. ಬೆನ್ನ ಹಿಂದೆ ರಾಯಚೂರು, ಹೊಸಪೇಟೆ, ಕರ್ನೂಲು, ಹುಬ್ಬಳ್ಳಿ ಎಂದು ಕಂಡಕ್ಟರುಗಳು ಕೂಗುತ್ತಿದ್ದರು. ಒಂದೊಂದು ಹೆಸರು ಕೇಳಿದಾಗಲೂ ಅದೇ ಊರಿಗೆ ಹೋದಳೇನೋ ಅನ್ನಿಸುತ್ತಿತ್ತು. ಕಣ್ಣು ತುಂಬಿ ಎದುರಿನ ಗೋಡೆ ಕಲೆಸಿಹೋಯಿತು. ಎಷ್ಟೋ ಬಸ್ಸುಗಳು ಹೊರಟುಹೋದ ಮೇಲೆ ತಿರುಗಿದೆ. ಆಕೆ ಇರಲಿಲ್ಲ. ಆಕೆಯ ಫೋನ್ ಆ ದಿನದಿಂದ ಬಂದ್ ಆಗಿದೆ.

ಮುಂದಿನ ವಾರವೇ ಅವನು ಬಂದ.

ಮಧ್ಯಾಹ್ನ, ಹುಡುಗಿಯರೆಲ್ಲ ಕಾಲೇಜಿನಲ್ಲಿದ್ದರು. ಹೊಸ ಅಡುಗೆಯಾಕೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ವರಾಂಡದಲ್ಲಿ ಒಬ್ಬ ಮನುಷ್ಯ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತಿದ್ದ. ಬಿಳಿ ಅಂಗಿ, ನೀಟಾಗಿ ಬಾಚಿದ ನರೆಗೂದಲು. ಯಾವುದೋ ಹುಡುಗಿಯ ಮಾವನೋ ದೊಡ್ಡಪ್ಪನೋ ಅನ್ನಿಸುವಂತಿದ್ದ.

"ನಮಸ್ಕಾರ್ರೀ ಮೇಡಂ. ದುರುಗಮ್ಮ ಅಂತ ಇಲ್ಲಿ ಅಡಗಿ ಮಾಡಾಕಿ ಅದಾಳಲ್ರಿ, ನಮ್ಮ ಸಂಬಂಧಿಕ್ರು ಆಗಬೇಕು."

ಆ ಹೆಸರಿನಿಂದಲೇ ಅವನು ಯಾರೆಂದು ತಿಳಿಯಿತು. ನನ್ನ ಫೋನ್ ಮಹಡಿಯ ಕೋಣೆಯಲ್ಲಿತ್ತು. "ಆಕಿ ಕೆಲಸ ಬಿಟ್ಟು ಹೋಗ್ಯಾಳ" ಎಂದೆ.

"ಹೌದ್ರಾ? ಬಿಸಲಾಗ ದೂರದಿಂದ ಬಂದೀನ್ರಿ. ಒಂದು ತುತ್ತು ಊಟ ಸಿಗತೈತೇನ್ರಿ?"

ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ತಟ್ಟೆ ತಂದಿಟ್ಟೆ. ಅವನು ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗಿದ. "ಇದು ಆಕಿ ಕೈ ಅಡಗಿ ಅಲ್ರಿ" ಎಂದು ತಟ್ಟೆ ಸರಿಸಿದ. ನಾನು ಸುಳ್ಳು ಹೇಳುತ್ತಿಲ್ಲ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಆಮೇಲೆ ಕೇಳಿದ, "ಎಲ್ಲಿಗಿ ಹೋಗ್ಯಾಳ?"

"ಗೊತ್ತಿಲ್ಲ."

ಅವನು ನನ್ನ ಮುಖವನ್ನು ನೋಡಿದ. ಗದರಿಸಲಿಲ್ಲ, ಹತ್ತಿರವೂ ಬರಲಿಲ್ಲ. ಕಣ್ಣು ಮಿಟುಕಿಸದೆ, ಅವಸರವಿಲ್ಲದೆ, ನಸುನಗುತ್ತ ನೋಡುತ್ತಲೇ ಇದ್ದ. ನನ್ನೊಳಗೆ ಹುಡುಕಿದರೂ ಸಿಗುವುದು ಏನೂ ಇರಲಿಲ್ಲ. ಆ ಬಸ್‌ಸ್ಟ್ಯಾಂಡಿನ ಗೋಡೆಯೊಂದೇ ಇತ್ತು. ಕೊನೆಗೆ ಅವನು ನಿಟ್ಟುಸಿರು ಬಿಟ್ಟು, ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟ.

ಓಡಿಹೋಗಿ ಫೋನ್ ತಂದು ಪೊಲೀಸರಿಗೆ ತಿಳಿಸಿದೆ. ಅಷ್ಟರಲ್ಲಿ ಶಿಲ್ಪಾ ಕಾಲೇಜಿನಿಂದ ಬಂದಳು, ಭುಜದ ಮೇಲೆ ಬ್ಯಾಗು.

"ಯಾರ್ರೀ ಮೇಡಂ ಅವ್ರು? ಗೇಟಿನಾಗ ನನಗ ದಾರಿ ಬಿಟ್ಟು ನಿಂತ್ರು. ಬಾಳ ಮರ್ಯಾದಿಯಿಂದ, 'ಈಗ ಆರಾಮ ಅದೀಯಲ್ಲಮ್ಮಾ?' ಅಂತ ಕೇಳಿದ್ರು. ನನ್ನ ಹೆಂಗ ಗೊತ್ರಿ ಅವ್ರಿಗೆ?"

ನಾನು ಹೇಳಿದೆ. ಶಿಲ್ಪಾಳ ಬ್ಯಾಗು ಭುಜದಿಂದ ಜಾರಿ ನೆಲಕ್ಕೆ ಬಿತ್ತು. ತಿರುಗಿ ಗೇಟಿನ ಕಡೆ ನೋಡಿದಳು. ಮಗುವಿನ ದನಿಯಲ್ಲಿ, "ಅವ್ರು ಅಕ್ಕನ ಹುಡಕತಾರೇನ್ರಿ? ಅಕ್ಕ ಸಿಗತಾಳೇನ್ರಿ ಅವ್ರಿಗೆ?" ಎಂದಳು.

"ಗೊತ್ತಿಲ್ಲ" ಎಂದೆ. ಈ ಮಾತೂ ನಿಜವೇ ಆಗಿತ್ತು.